ನೀಲಿ ಕಿಟಕಿಯ ಅಜ್ಜಿ

ಈ ಬೇಸಿಗೆಗೆ ಯೂರೋಪಿಗೆ ಹೋಗುವುದು ಎಂದು ನನ್ನ ಹೆಂಡತಿ ಘೋಷಿಸಿದ ದಿನ ನಮ್ಮ ಮನೆಯಲ್ಲಿ ಕುಣಿದಾಡದೆ ನಿಂತಿದ್ದವರು ಇಬ್ಬರೇ. ಒಂದು ಫ್ರಿಜ್ಜು, ಇನ್ನೊಂದು ನಾನು. ಫ್ರಿಜ್ಜಿನ ಬಾಗಿಲಿಗೆ ಊರುಗಳ ಪಟ್ಟಿ ಅಂಟಿಸಿದ್ದರು. ಪ್ಯಾರಿಸ್, ಪ್ರಾಗ್, ವೆನಿಸ್, ಲಿಸ್ಬನ್, ಮತ್ತು ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ, ಕೆಳಗೆ ಎರಡು ಗೆರೆ ಎಳೆದ ವಿಯೆನ್ನಾ. ನನ್ನ ಸಂಕಟವೆಲ್ಲ ಆ ಎರಡು ಗೆರೆಯಲ್ಲಿತ್ತು. ಅದನ್ನು ಮನೆಯಲ್ಲಿ ಯಾರಿಗೂ ಹೇಳುವಂತಿರಲಿಲ್ಲ. (ನಿಮಗೆ ಹೇಳುತ್ತೇನೆ. ಆದರೆ ನೀವು ನನ್ನ ಹೆಂಡತಿ ಕೆಲಸ ಮಾಡುವ ಔಷಧದಂಗಡಿಯಲ್ಲಿ ಮಾತ್ರೆ ಕೊಳ್ಳುವವರಾಗಿದ್ದರೆ, ದಯವಿಟ್ಟು ಬಾಯಿಗೆ ಬೀಗ ಹಾಕಿಕೊಳ್ಳಿ.)

ನಾನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತನಾಲ್ಕು ವರ್ಷದ ಕೆಳಗೆ, ಇನ್ನೂ ಮದುವೆಯಾಗದ ಕಾಲದಲ್ಲಿ, ನಮ್ಮ ಕಂಪನಿ ನನ್ನನ್ನು ಮೂರು ವಾರದ ತರಬೇತಿಗೆ ವಿಯೆನ್ನಾಗೆ ಕಳಿಸಿತ್ತು. ಇಷ್ಟು ಸತ್ಯ. ಇಳಿದ ಮರುದಿನ ಬೆಳಗ್ಗೆ ಎದ್ದು ನೋಡಿದರೆ ನನ್ನ ಬಲಗೆನ್ನೆ ಬನ್ನಿನ ಹಾಗೆ ಊದಿತ್ತು. ಮಂಗನಬಾವು! ಊರಾಚೆಯ ಒಂದು ಷೆಡ್ಡಿನ ಪಕ್ಕದ ಕೋಣೆಯಲ್ಲಿ ನನ್ನನ್ನು ಕೂಡಿಹಾಕಿದರು. ಊಟದ ತಟ್ಟೆ ತಂದವನು ಅದನ್ನು ಹೊಸ್ತಿಲ ಮೇಲಿಟ್ಟು ಓಟ ಕೀಳುತ್ತಿದ್ದ. ಬಲಗೆನ್ನೆ ಇಳಿಯಿತು ಅನ್ನುವಷ್ಟರಲ್ಲಿ ಎಡಗೆನ್ನೆ ಎದ್ದಿತು. ಎರಡೂ ಇಳಿಯುವ ಹೊತ್ತಿಗೆ ತರಬೇತಿ ಮುಗಿದಿತ್ತು, ನನ್ನನ್ನು ವಾಪಸು ವಿಮಾನ ಹತ್ತಿಸಿದರು. ಆ ಮಹಾನಗರದಲ್ಲಿ ನಾನು ನೋಡಿದ್ದು ಎದುರು ಗೋಡೆಯ ಕ್ಯಾಲೆಂಡರು. ಹನ್ನೆರಡು ತಿಂಗಳು, ಊರಿನ ಹನ್ನೆರಡು ಚಿತ್ರ. ಏಪ್ರಿಲ್ ಹಾಳೆಯಲ್ಲಿ ಒಂದು ಇಕ್ಕಟ್ಟಾದ ಗಲ್ಲಿ, ಒಂದು ನೀಲಿ ಕಿಟಕಿ, ಕಿಟಕಿಯಲ್ಲಿ ಏಪ್ರನ್ ತೊಟ್ಟ ಒಬ್ಬ ಅಜ್ಜಿ.

ಆಮೇಲೆ ಹೆಣ್ಣು ನೋಡಲು ಹೋದೆ. ಹುಡುಗಿ ಕಾಫಿ ಕೊಟ್ಟು ಎದುರು ಕೂತು, "ವಿಯೆನ್ನಾ ಹೇಗಿತ್ತು?" ಎಂದು ಕೇಳಿದಳು. ಕೇಳುವಾಗ ಅವಳ ಕಣ್ಣು ಇಷ್ಟಗಲ ಅರಳಿತ್ತು. ಆ ಕಣ್ಣು ನೋಡುತ್ತ ಮಂಗನಬಾವು ಎನ್ನಲು ನನಗೆ ಬಾಯಿ ಬರಲಿಲ್ಲ. "ಒಬ್ಬ ಅಜ್ಜಿಯ ಮನೇಲಿ ಬಾಡಿಗೆಗಿದ್ದೆ," ಅಂದೆ. "ನೀಲಿ ಕಿಟಕಿ. ದಿನಾ ಬೆಳಗ್ಗೆ ಬಿಸಿ ಬ್ರೆಡ್ ಕೊಡೋರು. ಸ್ವಂತ ಮಗನ ಹಾಗೆ ನೋಡ್ಕೊಂಡ್ರು." ಮದುವೆಯಾಯಿತು. ಅಜ್ಜಿಯೂ ನಮ್ಮ ಜೊತೆ ಬಂದಳು, ವರ್ಷಕ್ಕೊಂದು ಹೊಸ ಗುಣ ಸಂಪಾದಿಸಿಕೊಳ್ಳುತ್ತ ಬೆಳೆದಳು. ಮಗಳಿಗೆ ನಿದ್ದೆ ಬರದಿದ್ದರೆ ಅಜ್ಜಿಯ ಕಥೆ. ಮನೆಗೆ ನೆಂಟರು ಬಂದರೆ ಅಜ್ಜಿಯ ಕಥೆ. ನಾನು ಬಿಟ್ಟ ಬುರುಡೆಗಳಲ್ಲಿ ಇಷ್ಟು ದೀರ್ಘಾಯುಷ್ಯ ಪಡೆದದ್ದು ಅದೊಂದೇ.

ಈಗ ನಮ್ಮವಳು ಆ ಅಜ್ಜಿಯ ಬಾಗಿಲು ತಟ್ಟಲು ಹೊರಟಿದ್ದಳು.

"ರೀ, ಬೀದಿ ಹೆಸರೇನು?" ಊಟಕ್ಕೆ ಕೂತಾಗ ಕೇಳಿದಳು. ಅವಳು ಔಷಧದ ಬಾಟಲಿ ಕೈಗೆತ್ತಿಕೊಂಡರೆ ಮೊದಲು ನೋಡುವುದು ಅವಧಿ ಮುಗಿಯುವ ತಾರೀಖು. ಮನುಷ್ಯರನ್ನೂ ಹಾಗೇ ನೋಡುತ್ತಾಳೆ.

"ಮರ್ತುಹೋಗಿದೆ ಕಣೇ. ಉದ್ದದ ಹೆಸರು."

"ಅಪ್ಪ, ಹತ್ತಿರ ಯಾವ ಸ್ಟೇಷನ್ ಇತ್ತು?" ಮಗಳು ಫೋನಿನಲ್ಲಿ ನಕ್ಷೆ ಬಿಡಿಸಿಕೊಂಡು ಕೂತಿದ್ದಳು. "ನದಿಯ ಈ ಕಡೇನಾ, ಆ ಕಡೇನಾ?"

"ನಡುವೆ."

"ನದಿಯ ನಡುವೆ?"

"ನಡುವೆ ಅಂದ್ರೆ... ಸೇತುವೆ ದಾಟಿದ ಮೇಲೆ." ಅನ್ನಕ್ಕೆ ಇನ್ನಷ್ಟು ಸಾರು ಸುರಿದುಕೊಂಡೆ.

ಹಾಲ್‌ನಲ್ಲಿದ್ದ ಮಂಚದಿಂದ ಅತ್ತೆಯವರ ದನಿ ಬಂತು. "ಅವ್ರನ್ನ ಊಟ ಮಾಡೋಕೆ ಬಿಡ್ರೇ. ಅಲ್ಲಿಗೆ ಹೋದ್ಮೇಲೆ ಕಾಲುಗಳೇ ದಾರಿ ತೋರಿಸ್ತವೆ."

ಅತ್ತೆಯವರು ಹಾಲ್‌ನಲ್ಲಿ ಯಾಕೆ ಮಲಗುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ. ಹಿಂದಿನ ಕೋಣೆಯ ತುಂಬ ನನ್ನ ಹಳೆಯ ಲಿಫ್ಟ್ ಸಾಮಾನುಗಳಿವೆ. ಗುಂಡಿಗಳ ಫಲಕ, ರಾಟೆ, ಹಗ್ಗ, ಸುಟ್ಟ ಮೋಟಾರು, ಒಂದು ಪೂರ್ತಿ ಬಾಗಿಲು. ಒಂದಲ್ಲ ಒಂದು ದಿನ ಬೇಕಾಗುತ್ತವೆ. ಅದನ್ನು ಖಾಲಿ ಮಾಡಿ ಬಣ್ಣ ಹೊಡೆದು ಅಮ್ಮನಿಗೆ ಕೊಡಿ ಎಂದು ಹೆಂಡತಿ ಆರು ವರ್ಷದಿಂದ ಹೇಳುತ್ತಿದ್ದಾಳೆ, ಬರುವ ತಿಂಗಳು ಮಾಡೋಣ ಎಂದು ನಾನೂ ಆರು ವರ್ಷದಿಂದ ಹೇಳುತ್ತಿದ್ದೇನೆ.

ಅಂದಿನಿಂದ ನಾನು ವಿಯೆನ್ನಾದ ವಿರುದ್ಧ ಯುದ್ಧ ಸಾರಿದೆ. ಅಲ್ಲಿ ಬೇಸಿಗೆಯಲ್ಲಿ ಸೆಕೆ ಎಂದೆ. ಚಳಿ ಎಂದೂ ಹೇಳಿದೆ, ಮಗಳು ಎರಡನ್ನೂ ಬರೆದಿಟ್ಟುಕೊಂಡು ತೋರಿಸಿದಳು. ಲಿಸ್ಬನ್ನಿನ ಸಮುದ್ರವನ್ನು ಹಾಡಿ ಹೊಗಳಿದೆ. ಅದನ್ನು ನೋಡಿಲ್ಲವಾದ್ದರಿಂದ ನಿರಾತಂಕವಾಗಿ ಹೊಗಳಬಹುದಾಗಿತ್ತು. ಯಾರೂ ಕರಗಲಿಲ್ಲ. ಟ್ರಾವೆಲ್ಸ್‌ನವನ ಹತ್ತಿರ ಎರಡೇ ಪ್ರವಾಸ ಉಳಿದಿದ್ದವು. ಒಂದು ವಿಯೆನ್ನಾ, ಪ್ರಾಗ್, ವೆನಿಸ್ಸಿನದು. ಇನ್ನೊಂದು ಲಿಸ್ಬನ್ ಕಡೆಯದು. ಮೊದಲನೆಯದರಲ್ಲಿ ನಾಲ್ಕು ಸೀಟು ಹಿಡಿದಿಟ್ಟಿರುತ್ತೇನೆ, ಶನಿವಾರ ಬೆಳಗ್ಗೆ ಹನ್ನೊಂದರೊಳಗೆ ಬಂದು ಸಹಿ ಹಾಕದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಲಿಸ್ಬನ್ನಿನದರಲ್ಲಿ ಬೇಕಾದಷ್ಟು ಜಾಗವಿತ್ತು.

ಅವನ ಕಚೇರಿ ಇದ್ದದ್ದು ಒಂದು ಹಳೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಆ ಕಟ್ಟಡದ ಲಿಫ್ಟು ನೋಡಿಕೊಳ್ಳುವವನು ನಾನು.

ನೀವು ಊಹಿಸಿದ್ದು ಸರಿ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಶನಿವಾರ ತುರ್ತು ಕೆಲಸವಿದೆ, ಸಹಿಗೆ ನೇರ ಅಲ್ಲಿಗೇ ಬರುತ್ತೇನೆ ಎಂದು ಹೇಳಿ ಬೇಗ ಹೊರಟು, ಹತ್ತೂವರೆಗೆ ಆ ಲಿಫ್ಟನ್ನು ನಿಲ್ಲಿಸಿ, ಕೆಳಗೆ 'ರಿಪೇರಿ ನಡೆಯುತ್ತಿದೆ' ಎಂಬ ಬೋರ್ಡು ತೂಗುಹಾಕಿ, ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿ ಅಡಗಿ ಕೂತೆ. ಲೆಕ್ಕಾಚಾರ ಸರಳವಾಗಿತ್ತು. ಅತ್ತೆಯವರಿಗೆ ಎರಡೂ ಮೊಣಕಾಲು ನೋವು. ಬೋರ್ಡು ನೋಡಿ ನಿಲ್ಲುತ್ತಾರೆ. ಹನ್ನೊಂದು ಹೊಡೆಯುತ್ತದೆ. ವಿಯೆನ್ನಾ ಹೋಗುತ್ತದೆ, ಲಿಸ್ಬನ್ ಬರುತ್ತದೆ, ಮಾನ ಉಳಿಯುತ್ತದೆ.

ಲಿಫ್ಟು ಏರಿಳಿಯುವ ಬಾವಿಗೆ ಒಂದು ಗುಣವಿದೆ. ಕೆಳಗೆ ಆಡಿದ ಪಿಸುಮಾತೂ ಮೇಲೆ ಸ್ಪಷ್ಟವಾಗಿ ಕೇಳುತ್ತದೆ. ಹತ್ತು ನಲವತ್ತಕ್ಕೆ ಕೆಳಗಿನಿಂದ ಹೆಂಡತಿಯ ದನಿ ಬಂತು.

"ಅಯ್ಯೋ, ಇವತ್ತೇ ಕೆಡ್ಬೇಕಿತ್ತಾ! ಅಮ್ಮ, ನೀನು ಇಲ್ಲೇ ಕೂತ್ಕೋ. ನಾವು ಹೋಗಿ ಬರ್ತೀವಿ."

"ಎಲ್ಲರ ಸಹಿನೂ ಬೇಕು ಅಂದಿದಾನಲ್ಲ ಅವ್ನು. ನಡಿ, ಹತ್ತೋಣ."

ಕೋಲಿನ ಸದ್ದು ಶುರುವಾಯಿತು. ಟಕ್. ಆಮೇಲೆ ಒಂದು ಉಸಿರು. ಟಕ್. ನಾನು ಗಡಿಯಾರ ನೋಡುತ್ತ ಕೂತೆ. ಒಂದನೆಯ ಮಹಡಿ, ಹತ್ತು ನಲವತ್ತೇಳು. ಎರಡನೆಯ ಮಹಡಿ, ಹತ್ತು ಐವತ್ತಾರು. ಹಣೆಯ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಹನ್ನೊಂದಾಯಿತು. ಗೆದ್ದೆ! ಆದರೆ ಕೋಲು ನಿಲ್ಲಲಿಲ್ಲ. ಹನ್ನೊಂದು ಐದಕ್ಕೆ ಮೂರನೆಯ ಮಹಡಿಯಲ್ಲಿ "ಅಮ್ಮಾ" ಎಂದು ಅತ್ತೆ ನರಳಿದ್ದು ಕೇಳಿತು.

"ಅಜ್ಜಿ, ಸಾಕು, ಇಳಿಯೋಣ," ಅಂದಳು ಮಗಳು. ಅವಳ ದನಿ ಒಡೆದಿತ್ತು.

"ಇಳಿಯೋದೇನು? ನಿಮ್ಮಪ್ಪನಿಗೆ ಹೆತ್ತ ತಾಯಿ ಇಲ್ಲ ಕಣೇ. ಕಾಣದ ಊರಲ್ಲಿ ಬಿಸಿ ಬ್ರೆಡ್ ಕೊಟ್ಟ ಆ ಹೆಂಗಸಿನ ಕೈ ಹಿಡ್ಕೊಂಡು ನಾನೊಂದು ಮಾತು ಹೇಳ್ಬೇಕು. ಬಾ, ಹತ್ತು."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಂಥ ಪಾಪಿ ನಾನು ಅನ್ನಿಸಿತು, ಕಣ್ಣೂ ತುಂಬಿತು. ಸ್ವಿಚ್ಚು ಹಾಕಿ, ತಾರಸಿಯಿಂದಿಳಿದು, ಮೇಲಿನ ಮಹಡಿಯಲ್ಲಿ ಲಿಫ್ಟು ಹತ್ತಿ ಅವರನ್ನು ಕರೆದುಕೊಳ್ಳಲು ಕೆಳಗೆ ಬಂದೆ. ನಾಲ್ಕನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ಎದುರಿಗೆ ಕೊನೆಯ ಮೆಟ್ಟಿಲು ಹತ್ತಿ ಮುಗಿಸಿದ ಅತ್ತೆ.

"ಇದು ಕೆಟ್ಟಿತ್ತಲ್ಲ?" ಅಂದರು ಏದುಸಿರಿನಲ್ಲಿ.

"ಈಗಷ್ಟೇ... ಸರಿಮಾಡಿದೆ, ಅತ್ತೆ."

"ನೋಡ್ರೇ! ನಮಗೋಸ್ಕರ ಓಡಿಬಂದು ಸರಿಮಾಡಿದಾರೆ," ಎಂದು ನನ್ನ ತಲೆ ಸವರಿದರು. ಆ ಕ್ಷಣ ಲಿಫ್ಟಿನ ಬಾವಿಯೊಳಗೆ ಬಿದ್ದುಹೋಗಿದ್ದರೆ ಚೆನ್ನಾಗಿತ್ತು.

ಕೌಂಟರಿನವನು ಕೈ ಹಿಸುಕಿಕೊಂಡ. "ಕಾಲು ಗಂಟೆ ಮುಂಚೆ ಬಂದಿದ್ರೆ ನಾಲ್ಕೂ ಕೊಡ್ತಿದ್ದೆ. ಹನ್ನೊಂದಾಗಿದ್ದೇ ತಡ, ಒಬ್ಬರು ಫೋನ್ ಮಾಡಿ ಒಂದು ತಗೊಂಡ್ರು. ಲಿಫ್ಟ್ ಕೆಟ್ಟು ನಿಮಗೆ ತಡವಾಯ್ತಂತೆ, ಪಾಪ. ಈಗ ಮೂರೇ ಇರೋದು."

ಮೂರು ಸೀಟು, ನಾಲ್ಕು ಜನ. ಹೆಂಡತಿ ನೇರವಾಗಿ, "ಹಾಗಿದ್ರೆ ನಾವು ಮೂರು ಜನ. ಇವರು ಹೇಗೂ ನೋಡಿ ಬಂದಿದಾರೆ," ಅಂದಳು.

ಆಗ ನನ್ನೊಳಗೆ ಏನಾಯಿತೋ! ಆ ಊರನ್ನು ನಾನೂ ನೋಡಬೇಕು. ಇಪ್ಪತ್ತನಾಲ್ಕು ವರ್ಷದಿಂದ ಬಾಯಲ್ಲಿ ಕಟ್ಟಿಕೊಂಡು ಬಂದ ಊರು ಅದು, ಅದರ ಒಂದು ಕಲ್ಲನ್ನೂ ನಾನು ಮುಟ್ಟಿಲ್ಲ. ಬಾಯಿ ತಾನಾಗಿ ಬಿಚ್ಚಿತು.

"ನಾನು ನೋಡಿಲ್ಲ!"

ಮೂವರೂ ತಿರುಗಿದರು.

"ನಿಜವಾಗ್ಲೂ ನೋಡಿಲ್ಲ ಕಣೇ. ನಂಗೆ ಮಂಗನಬಾವು ಬಂದಿತ್ತು. ಮೂರು ವಾರ ಕೋಣೇಲಿ ಬಿದ್ದಿದ್ದೆ. ಎರಡು ಕೆನ್ನೇನೂ ಊದಿತ್ತು. ಅಜ್ಜಿ ಇಲ್ಲ, ಬ್ರೆಡ್ ಇಲ್ಲ. ಎಲ್ಲಾ ಕ್ಯಾಲೆಂಡರಲ್ಲಿ ನೋಡಿದ್ದು!"

ಮಗಳು ಮೊದಲು ನಕ್ಕಳು. "ಅಪ್ಪ! ಒಂದು ಸೀಟಿಗೋಸ್ಕರ ಆ ಅಜ್ಜೀನೇ ಇಲ್ಲ ಅಂದ್ಬಿಟ್ರಾ?"

"ಛೆ ಛೆ, ಅಳಿಯಂದ್ರೇ," ಅಂದರು ಅತ್ತೆ. ಅವರಿಗೆ ನಿಜಕ್ಕೂ ನೋವಾಗಿತ್ತು. "ಅನ್ನ ಹಾಕಿದೋರನ್ನ ಹಾಗೆಲ್ಲ ಅನ್ಬಾರ್ದು. ನೀಲಿ ಕಿಟಕಿ, ಬಿಸಿ ಬ್ರೆಡ್ ಅಂತ ಅಷ್ಟನ್ನೆಲ್ಲ ಕಲ್ಪಿಸಿಕೊಂಡು ಹೇಳೋಕೆ ನಿಮ್ಮಿಂದ ಆಗುತ್ತಾ?"

ಹೆಂಡತಿ ಮಾತ್ರ ನಗಲಿಲ್ಲ. ಬಾಟಲಿಯ ತಾರೀಖು ಓದುವ ಹಾಗೆ ನನ್ನ ಮುಖವನ್ನೊಮ್ಮೆ ಓದಿದಳು. ಆಮೇಲೆ ಪೆನ್ನು ತೆಗೆದು ಸಹಿ ಹಾಕಿದಳು.

ಅವರು ಹೋದರು, ಹನ್ನೆರಡು ದಿನ. ನಾನು ಮನೆಯಲ್ಲಿ ಸುಟ್ಟ ಬ್ರೆಡ್ ತಿಂದುಕೊಂಡು, ದಿನಾ ಫೋನಿಗೆ ಬರುತ್ತಿದ್ದ ಚಿತ್ರಗಳನ್ನು ನೋಡುತ್ತಿದ್ದೆ. ಆ ಹಳೆಯ ಕ್ಯಾಲೆಂಡರಿನ ಜನವರಿ ಚಿತ್ರ ಬಂತು, ಜೂನ್ ಬಂತು, ಅಕ್ಟೋಬರ್ ಬಂತು. ಎಲ್ಲದರ ಮುಂದೆ ನನ್ನ ಸಂಸಾರ ನಿಂತು ನಗುತ್ತಿತ್ತು. ಸದ್ಯ, ಅಜ್ಜಿಯ ಸುದ್ದಿ ಇರಲಿಲ್ಲ. ಹುಡುಕಿದೆವು, ಸಿಗಲಿಲ್ಲ ಎಂದು ಬಂದು ಹೇಳುತ್ತಾರೆ, ಪಾಪ ತೀರಿಕೊಂಡಿರಬೇಕು ಎಂದು ನಾನು ಕಣ್ಣೊರೆಸಿಕೊಂಡರೆ ಮುಗಿಯಿತು ಎಂದುಕೊಂಡೆ.

ಬಂದ ದಿನ ಸೂಟ್‌ಕೇಸನ್ನೂ ಬಿಚ್ಚದೆ ಹೆಂಡತಿ ನನ್ನ ಮುಂದೆ ಫೋನು ಹಿಡಿದಳು.

"ಸಿಕ್ಕಿದ್ರು ರೀ."

"ಯಾರು?"

"ನಿಮ್ಮ ಅಜ್ಜಿ."

ಚಿತ್ರದಲ್ಲಿ ಒಂದು ಗಲ್ಲಿ. ನೀಲಿ ಕಿಟಕಿ. ಏಪ್ರನ್ ತೊಟ್ಟ, ಹಲ್ಲು ಕಾಣುವಂತೆ ನಗುತ್ತಿದ್ದ ಒಬ್ಬ ಮುದುಕಿ. ಅವಳ ಎರಡೂ ಕೈ ಹಿಡಿದುಕೊಂಡು ಅತ್ತೆ ನಿಂತಿದ್ದರು. ಅಂಥ ಊರಲ್ಲಿ ನೀಲಿ ಕಿಟಕಿ ನೂರಿರಬಹುದು, ಮುದುಕಿಯರು ಸಾವಿರ. ಆದರೆ ಅದನ್ನು ಹೇಳುವುದು ಹೇಗೆ?

"ಬ್ರೆಡ್ ಕೊಟ್ರು," ಅಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತ. "ಬಿಸಿಯಾಗಿತ್ತು. ಭಾಷೆ ಬರದಿದ್ರೇನು, ನಾನು ಹೇಳ್ಬೇಕಾದ್ದೆಲ್ಲ ಹೇಳ್ದೆ. ತಲೆ ಆಡಿಸಿದ್ರು."

"ಬರೋ ಬೇಸಿಗೆಗೆ ನಮ್ಮನೆಗೆ ಬರ್ತಾರೆ," ಅಂದಳು ಹೆಂಡತಿ. "ನಾನೇ ಕರೆದೆ. ಒಂದು ತಿಂಗಳು ಇರ್ತಾರೆ. ಹಿಂದಿನ ಕೋಣೆ ಖಾಲಿ ಮಾಡ್ಬೇಕು. ತಿಳಿನೀಲಿ ಬಣ್ಣ ಅಂದ್ರೆ ಅವರಿಗಿಷ್ಟ ಅಂತ ನೀವೇ ಹೇಳ್ತಿದ್ರಲ್ಲ?"

ಹೇಳುತ್ತಿದ್ದೆ. ಹನ್ನೊಂದನೆಯ ವರ್ಷ ಅಜ್ಜಿಗೆ ಸೇರಿಸಿದ ಗುಣ ಅದು.

"ಅದು... ಅವರೇನಾ ಅಂತ..." ಎಂದು ತೊದಲಿದೆ.

"ಅವರೇ. ನಿಮ್ಮನ್ನ ಚೆನ್ನಾಗಿ ನೆನಪಿಟ್ಕೊಂಡಿದಾರೆ." ಹೆಂಡತಿ ಸೂಟ್‌ಕೇಸಿನ ಜಿಪ್ಪು ಎಳೆಯುತ್ತ, ತಲೆ ಎತ್ತದೆ ಹೇಳಿದಳು. "ಈಗ ಎರಡು ಕೆನ್ನೇನೂ ಹೇಗಿದೆ ಅಂತ ಕೇಳಿದ್ರು."

ಭಾನುವಾರ ಸುಟ್ಟ ಮೋಟಾರು, ರಾಟೆ, ಆ ಪೂರ್ತಿ ಬಾಗಿಲು ಎಲ್ಲವೂ ಗುಜರಿಗೆ ಹೋದವು. ಅದರ ಮುಂದಿನ ಭಾನುವಾರ ಏಣಿ ಹತ್ತಿ ತಿಳಿನೀಲಿ ಬಳಿದೆ. ಅತ್ತೆಯವರು ಕೋಲೂರಿಕೊಂಡು ಬಂದು, ಅದೇ ಕೋಲಿನಿಂದ ಕಿಟಕಿಯ ಪಕ್ಕದ ಗೋಡೆಯ ಅಳತೆ ತೆಗೆದರು.

"ನನ್ನ ಮಂಚ ಇಲ್ಲಿಗೆ ಸರಿಯಾಗುತ್ತೆ," ಅಂದರು.

"ಕೋಣೆ ಆ ಅಜ್ಜಿಗಲ್ವಾ, ಅತ್ತೆ?"

"ಅವರು ಬರೋ ತನಕ ನಾನಿರ್ತೀನಿ ಅಳಿಯಂದ್ರೇ. ಬಂದ ದಿನವೇ ಹಾಲ್‌ಗೆ ಹೋಗ್ತೀನಿ."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

"ಮೂಲೇಲಿ ಬಣ್ಣ ಸರಿಯಾಗಿ ಹತ್ತಿಲ್ಲ," ಅಂದಳು. ನಾನು ಬ್ರಷ್ಷು ಅದ್ದಿಕೊಂಡು ಮತ್ತೆ ಏಣಿ ಹತ್ತಿದೆ.