ಡ್ಯಾಶ್‌ಬೋರ್ಡಿನೊಳಗೆ ಹನ್ನೊಂದು ಸಾವಿರ ಹಾಡು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ತಂತಿ, ಸ್ಕ್ರೂ, ಪ್ಲಗ್ಗು ಇತ್ಯಾದಿ ಸಕಲ ಖಾತೆಗಳ ಮಂತ್ರಿ ನಾನೇ. ಮನೆಯ ಫ್ಯಾನು ರಿಪೇರಿ ಮಾಡಿದವನು ನಾನು. ಅದೀಗ ಗಾಳಿಯನ್ನು ಕೆಳಗೆ ಬಿಡುವ ಬದಲು ಮೇಲಕ್ಕೆ ಎಳೆಯುತ್ತದೆ, ಆದರೆ ತಿರುಗುತ್ತದೋ ಇಲ್ಲವೋ? ಕರೆಗಂಟೆ ಸರಿಪಡಿಸಿದವನೂ ನಾನೇ. ಈಗ ಯಾರಾದರೂ ಗಂಟೆ ಒತ್ತಿದರೆ ಬಚ್ಚಲಿನ ದೀಪ ಹತ್ತುತ್ತದೆ. ಸ್ನಾನ ಮಾಡುವವರಿಗೆ ಬಾಗಿಲಲ್ಲಿ ಯಾರೋ ಬಂದಿದ್ದಾರೆಂದು ತಿಳಿಯುತ್ತದಲ್ಲ, ಅದೇನು ಕಡಿಮೆ ಸೌಲಭ್ಯವೇ?

ಇಂಥ ನಾನು ಒಂದು ಶನಿವಾರ ಕಾರಿನ ಸ್ಟೀರಿಯೊಗೆ ನನ್ನ ಹಾರ್ಡ್ ಡಿಸ್ಕ್ ಜೋಡಿಸುವ ಮಹಾಸಂಕಲ್ಪ ಮಾಡಿದೆ. ಸ್ಟೀರಿಯೊ ಅಂಗಡಿಯವನನ್ನು ಕೇಳಿದರೆ, ಅದೆಲ್ಲ ಬೇಡ ಸಾರ್, ಉಗುರಿನಷ್ಟು ಪೆನ್ ಡ್ರೈವಿಗೆ ನೂರು ಹಾಡು ಹಾಕಿ ಸಿಕ್ಕಿಸಿ, ಎರಡು ನಿಮಿಷದ ಕೆಲಸ ಎಂದ. ನೂರು ಹಾಡು! ಹನ್ನೊಂದು ಸಾವಿರ ಹಾಡಿನ ಒಡೆಯನಿಗೆ ನೂರು ಹಾಡಿನ ಉಪದೇಶ! ಅವನ ಕಡೆ ಒಂದು ಕನಿಕರದ ನೋಟ ಬೀರಿ, ತಂತಿ ಮಾತ್ರ ತೆಗೆದುಕೊಂಡು ಬಂದೆ.

ಆದರೆ ನಿಮ್ಮ ಮುಂದೆ ಸುಳ್ಳೇಕೆ? ಇದಕ್ಕೆಲ್ಲ ಕಾರಣ ಸಂಗೀತದ ಮೇಲಿನ ಪ್ರೀತಿಯಲ್ಲ, ಭಯ.

ನನ್ನದು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ. ಕಚೇರಿ ಮನೆಯಿಂದ ಎರಡು ಗಂಟೆಯ ದಾರಿ. ಅದೇ ಕಚೇರಿಯ ಶಾಖೆಯೊಂದು ನಮ್ಮ ಬೀದಿಯ ತುದಿಯಲ್ಲೇ ಇದೆ, ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ತಲುಪಬಹುದು. ಅಲ್ಲಿಗೆ ವರ್ಗ ಕೇಳಿ ಎಂದು ಹೆಂಡತಿ ಮೂರು ವರ್ಷದಿಂದ ಬೆನ್ನು ಹತ್ತಿದ್ದಳು. ನಾನು ಹೊರಡುವಾಗ ಮಗಳು ಎದ್ದಿರುವುದಿಲ್ಲ, ಬರುವಾಗ ಮಲಗಿರುತ್ತಾಳೆ. ಐದು ವರ್ಷದ ಅವಳ ಲೆಕ್ಕದಲ್ಲಿ ಅಪ್ಪ ಎಂದರೆ ಭಾನುವಾರ ಬರುವ ನೆಂಟ.

ಕೇಳಬೇಕಾದದ್ದು ನಮ್ಮ ಮ್ಯಾನೇಜರ್ ಮೇಡಂ ಅವರನ್ನು. ನಾನು ಅವರ ಕೋಣೆಯ ಬಾಗಿಲವರೆಗೆ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿಗೆ ಹೋದೊಡನೆ ನಾಲಿಗೆ ಒಣಗುತ್ತದೆ. "ಏನು?" ಎಂದು ಅವರು ತಲೆಯೆತ್ತಿದರೆ "ಏನಿಲ್ಲ ಮೇಡಂ, ಫ್ಯಾನು ಆರಿಸಲಾ ಅಂತ" ಎಂದು ಹೇಳಿ ಬಂದಿದ್ದೇನೆ. ಕೊನೆಗೊಂದು ಸಂಜೆ ಹೆಂಡತಿಗೆ, "ಕೇಳಿದೆ ಕಣೇ, ಆಗಲ್ಲ ಅಂದ್ರು" ಎಂದುಬಿಟ್ಟೆ. ಒಂದು ಸಲ ಹೇಳಿದ ಮೇಲೆ ಮುಗಿಯಿತು ನೋಡಿ. ತಿಂಗಳಿಗೊಮ್ಮೆ ಅವಳು ಕೇಳಿ ಎನ್ನುವುದು, ತಿಂಗಳಿಗೊಮ್ಮೆ ಮೇಡಂ "ಆಗಲ್ಲ" ಅನ್ನುವುದು. ಒಂದು ಮಾತೂ ಆಡದ ಆ ಹೆಂಗಸು ನಮ್ಮ ಮನೆಯಲ್ಲಿ ಮೂರು ವರ್ಷಕ್ಕೆ ಪೂರ್ತಿ ರಾಕ್ಷಸಿಯಾಗಿ ಬೆಳೆದು ನಿಂತಿದ್ದರು. ನನ್ನ ಸೋತ ಮುಖ ನೋಡಲಾರದೆ ಹೆಂಡತಿ ಪಾತ್ರೆ ತೊಳೆಯುವ ನನ್ನ ಪಾಳಿಯನ್ನೂ ತಾನೇ ವಹಿಸಿಕೊಂಡಳು. ಒಂದೊಂದು ಬಾಣಲೆಯನ್ನೂ ಮೇಡಂ ಎಂದುಕೊಂಡೇ ತಿಕ್ಕುತ್ತಿದ್ದಳು.

ಹೀಗಿರುವಾಗ ಶುಕ್ರವಾರ ಮೇಡಂ ನನ್ನ ಮೇಜಿನ ಹತ್ತಿರ ಬಂದು, ಭಾನುವಾರ ನಿಮ್ಮ ಕಡೆ ನನ್ನ ತಂಗಿ ಮನೆಗೆ ಬರುತ್ತಿದ್ದೇನೆ, ಸೋಮವಾರ ಬೆಳಿಗ್ಗೆ ನಿಮ್ಮ ಕಾರಿನಲ್ಲೇ ಕಚೇರಿಗೆ ಬರಬಹುದಾ ಎಂದರು. ಮನೆಗೆ ಬಂದು ಇದನ್ನು ಹೇಳಿದ್ದೇ ತಡ, ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ರೀ, ನಾನೂ ಅದೇ ಕಾರಲ್ಲಿ ಬರ್ತೀನಿ. ನಾನು ಪಾಠ ಮಾಡೋ ಶಾಲೆ ದಾರೀಲೇ ತಾನೆ? ಮಗೂನ ಪಕ್ಕದ ಮನೇಲಿ ಬಿಟ್ಟರಾಯ್ತು. ನೀವು ಕೇಳಿದ್ದು ಸಾಕು, ಈ ಸಲ ನಾನೇ ಬಾಯಿಬಿಟ್ಟು ಕೇಳ್ತೀನಿ."

ಮನೆಯಿಂದ ಅವಳ ಶಾಲೆಗೆ ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ಇವರಿಬ್ಬರೂ ಬಾಯಿ ತೆರೆಯಬಾರದು. ಹಾಗಾದರೆ ಕಾರಿನಲ್ಲಿ ನಲವತ್ತು ನಿಮಿಷ ಎಡೆಬಿಡದೆ, ಜೋರಾಗಿ, ಒಂದರ ಬೆನ್ನಿಗೆ ಒಂದು ಹಾಡು ಬರಬೇಕು. ಹಾರ್ಡ್ ಡಿಸ್ಕಿನ ಯೋಜನೆ ಹುಟ್ಟಿದ್ದು ಹೀಗೆ.

ಭಾನುವಾರ ಬೆಳಿಗ್ಗೆ ಅಂಗಿಯ ತೋಳು ಮಡಚಿ ಕಾರಿಗೆ ನುಗ್ಗಿದೆ. ಡಿಸ್ಕನ್ನು ಸಿಕ್ಕಿಸಿದರೆ ಅದು ಟಿಕ್ ಟಿಕ್ ಎಂದು ನರಳಿ ಸುಮ್ಮನಾಯಿತು. ಸ್ಟೀರಿಯೊ ಕೊಡುವ ಕರೆಂಟು ಅದರ ಹೊಟ್ಟೆಗೆ ಸಾಲದು! ಎರಡು ತಲೆಯ ತಂತಿ ತಂದು ಒಂದು ತಲೆಯನ್ನು ಸ್ಟೀರಿಯೊಗೆ, ಇನ್ನೊಂದನ್ನು ಚಾರ್ಜರಿಗೆ ಕೊಟ್ಟೆ. ಈಗ ಡಿಸ್ಕ್ ತಿರುಗಿತು, ಆದರೆ ಸ್ಟೀರಿಯೊಗೆ ಅದರ ಭಾಷೆ ಓದಲು ಬರಲಿಲ್ಲ. ಡಿಸ್ಕನ್ನು ಒಳಗೆ ಒಯ್ದು, ಇದ್ದಬದ್ದದ್ದನ್ನೆಲ್ಲ ಕಂಪ್ಯೂಟರಿಗೆ ಸುರಿದು, ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಸದ್ದು ಮಾಡುವ ಫೈಲು ಏನೇನಿತ್ತೋ ಎಲ್ಲವನ್ನೂ ಗುಡಿಸಿ ಮತ್ತೆ ಡಿಸ್ಕಿಗೆ ತುಂಬಿದೆ. ಎಲ್ಲವನ್ನೂ. ಈ ಪದವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಡಿಸ್ಕ್ ಕಣ್ಣಿಗೆ ಕಾಣಬಾರದೆಂದು ಡ್ಯಾಶ್‌ಬೋರ್ಡಿನ ಗ್ಲವ್ ಬಾಕ್ಸಿನ ಹಿಂದೆ ಕೂರಿಸಿ ಆರು ಸ್ಕ್ರೂ ಬಿಗಿದೆ. ಬಿಗಿಯುವ ಹುರುಪಿನಲ್ಲಿ ಆರರ ತಲೆಯೂ ಸವೆದು ನುಣ್ಣಗಾಯಿತು, ಇನ್ನು ಅವನ್ನು ಬ್ರಹ್ಮ ಬಂದರೂ ಬಿಚ್ಚಲಾರ. ನಡುವೆ ಸ್ಟೀರಿಯೊದ ವಾಲ್ಯೂಮ್ ಗುಂಡಿ ಕಿತ್ತು ಬಂದು ಸೀಟಿನ ಕೆಳಗೆಲ್ಲೋ ಉರುಳಿತು. ಇರಲಿ, ಹೇಗೂ ಜೋರಾಗಿಯೇ ಬೇಕಿತ್ತಲ್ಲ! ಹನ್ನೊಂದು ಸಾವಿರ ಹೆಸರು ಓದಿ ಓದಿ ಸ್ಟೀರಿಯೊಗೆ ಏದುಸಿರು ಬಂದಿತ್ತು. ಯಾವ ಗುಂಡಿ ಒತ್ತಿದರೂ ಒಂದು ನಿಮಿಷ ಯೋಚಿಸಿ ಆಮೇಲೆ ಕೆಲಸ ಮಾಡುತ್ತಿತ್ತು. ನಮ್ಮ ಕಚೇರಿಯ ಅಭ್ಯಾಸವಿದ್ದ ನನಗೆ ಅದು ವಿಚಿತ್ರವೆನಿಸಲಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರು ಮಾತ್ರ ಪರದೆಯ ಮೇಲೆ ಬರೀ ಚೌಕ ಚೌಕವಾಗಿ ಕಂಡಿತು. ಕನ್ನಡದಲ್ಲಿ ಹೆಸರಿಟ್ಟದ್ದು 'ಹಳೆಯ ಹಾಡುಗಳು' ಒಂದೇ ಅಂದುಕೊಂಡಿದ್ದೆ.

ಸೋಮವಾರ ಮೇಡಂಗೆ ಮುಂದಿನ ಬಾಗಿಲು ತೆರೆದು ನಿಂತೆ. ಅಷ್ಟರಲ್ಲಿ ಹೆಂಡತಿ, ಇಲ್ಲೇ ಬನ್ನಿ ಮೇಡಂ, ಮಾತಾಡ್ತಾ ಹೋಗೋಣ ಎಂದು ಅವರನ್ನು ಹಿಂದೆ ಕೂರಿಸಿಕೊಂಡಳು. ನಾನು ಡ್ರೈವರನಂತೆ ಮುಂದೆ ಒಬ್ಬನೇ ಕೂತು, ಕೀಲಿ ತಿರುಗಿಸಿ, ವಾದ್ಯಸಂಗೀತ ಹಾಕಿದೆ. ಕಿಟಕಿಯ ಗಾಜು ನಡುಗಿತು. ಹೆಂಡತಿ ಏನೋ ಹೇಳಿದಳು, ಮೇಡಂ ಕಿವಿಗೆ ಕೈ ಅಡ್ಡ ಹಿಡಿದು "ಆಂ?" ಎಂದರು. ಮತ್ತೆ ಹೇಳಿದಳು, ಮತ್ತೆ "ಆಂ?" ಕನ್ನಡಿಯಲ್ಲಿ ಈ ದೃಶ್ಯ ನೋಡಿ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಇಪ್ಪತ್ತು ನಿಮಿಷ ಕಳೆಯಿತು. ಕಾರು ಮೇಲ್ಸೇತುವೆ ಹತ್ತಿ, ಹಿಂದೆ ಮುಂದೆ ಲಾರಿಗಳ ನಡುವೆ ಸಿಕ್ಕಿಕೊಂಡು ಆಮೆಯಂತೆ ತೆವಳುತ್ತಿತ್ತು. ಮೇಡಂ ಮುಂದಕ್ಕೆ ಬಗ್ಗಿ, ಈ ಪೀಪಿ ಸಾಕು, ಹಳೆಯ ಹಾಡು ಇದ್ದರೆ ಹಾಕಿ ಎಂದರು. ಇದ್ದರೆ? ನನ್ನಲ್ಲಿ? ಚೌಕಗಳ ಫೋಲ್ಡರನ್ನು ಹುಡುಕಿ ಠೀವಿಯಿಂದ ಒತ್ತಿದೆ. ಒಂದು ನಿಮಿಷ ನಿಶ್ಶಬ್ದ. ಆಮೇಲೆ ನಾಲ್ಕೂ ಸ್ಪೀಕರಿನಿಂದ ಒಂದು ಕೆಮ್ಮು ಬಂತು.

ನನ್ನ ಕೆಮ್ಮು.

ಇಲ್ಲಿ ಒಂದು ವಿಷಯ ಹೇಳಬೇಕು. ಕಚೇರಿಗೆ ಸೇರಿದ ಹೊಸತರಲ್ಲಿ ಮೇಡಂ ನಮಗೊಂದು ಪಾಠ ಹೇಳಿಕೊಟ್ಟಿದ್ದರು. ಕಷ್ಟದ ಮಾತಾಡುವ ಮುಂಚೆ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ, ತಿದ್ದಿಕೊಳ್ಳಿ, ಆಮೇಲೆ ಆಡಿ. ಉಳಿದವರು ಅದನ್ನು ಮಧ್ಯಾಹ್ನದ ಹೊತ್ತಿಗೆ ಮರೆತರು. ನಾನೋ, ಮನೆಯಲ್ಲೂ ಪಾಲಿಸುವವನು. ಆ ರೆಕಾರ್ಡಿಂಗುಗಳೆಲ್ಲ ಫೋನಿನಿಂದ ತಾವಾಗಿಯೇ ಕಂಪ್ಯೂಟರಿಗೆ ಹೋಗಿ 'ಮಾತಿನ ಅಭ್ಯಾಸ' ಎಂಬ ಫೋಲ್ಡರಿನಲ್ಲಿ ಕೂರುತ್ತಿದ್ದವು. ಅಚ್ಚ ಕನ್ನಡದ ಹೆಸರು. ಚೌಕ, ಚೌಕ, ಚೌಕ.

"ಮೇಡಂ, ನಮಸ್ಕಾರ. ಒಂದು ಚಿಕ್ಕ ವಿಷಯ," ಎಂದಿತು ಕಾರು. "ಥೂ, ತುಂಬಾ ಮೆತ್ತಗಾಯ್ತು."

ಮೇಡಂ ಇದು ಯಾವ ನಾಟಕದ್ದು ಎಂದು ಕೇಳಿದರು. ನಿಲ್ಲಿಸುವ ಗುಂಡಿ ಒತ್ತಿದೆ, ಮುಂದಿನದರ ಗುಂಡಿ ಒತ್ತಿದೆ, ರೇಡಿಯೊ ಗುಂಡಿ ಒತ್ತಿದೆ. ಸ್ಟೀರಿಯೊ ಎಲ್ಲ ಅರ್ಜಿಗಳನ್ನೂ ಸ್ವೀಕರಿಸಿ ಯೋಚನೆಗೆ ಕೂತಿತು. ತಂತಿ ಕೀಳೋಣವೆಂದರೆ ಆರು ಸ್ಕ್ರೂಗಳ ಹಿಂದೆ. ಎಂಜಿನ್ ಆರಿಸೋಣವೆಂದರೆ ಹಿಂದಿನ ಲಾರಿ ನನ್ನ ಬೆನ್ನಿಗೆ ಮೂತಿ ಒತ್ತಿಕೊಂಡಿದೆ. ಅಷ್ಟರಲ್ಲಿ ಎರಡನೆಯದು ಶುರುವಾಯಿತು. ಅದರಲ್ಲಿ ನಾನು ಮೇಡಂಗೆ, ನಮ್ಮ ಬೀದಿಯ ಶಾಖೆಗೆ ವರ್ಗ ಕೇಳುತ್ತ, ನನ್ನ ಬೆನ್ನುಮೂಳೆ ಮೂರು ಕಡೆ ಸವೆದಿರುವುದನ್ನು ಗದ್ಗದ ಕಂಠದಲ್ಲಿ ವಿವರಿಸಿದೆ. ನಡುವೆ ಒಂದು ಕಡೆ ಮೂರೋ ನಾಲ್ಕೋ ಎಂದು ನನ್ನನ್ನೇ ಕೇಳಿಕೊಂಡೆ.

ಮೂರನೆಯದು ಹೆಂಡತಿಗೆ ಸಂಬಂಧಿಸಿದ್ದು.

"ಕೇಳಿದೆ ಕಣೇ. ಆಗಲ್ಲ ಅಂದ್ರು. ಕಾಲು ಹಿಡಿಯೋದೊಂದು ಬಾಕಿ. ಆ ಹೆಂಗಸಿನ ಎದೇಲಿರೋದು ಕಲ್ಲು." ನನ್ನ ದನಿ ಮುಂದುವರಿಯಿತು: "ಇಷ್ಟು ಜೋರಾದ್ರೆ ಅನುಮಾನ ಬರುತ್ತೆ. ಇನ್ನೊಂದ್ಸಲ. ಮೊದಲು ನಿಟ್ಟುಸಿರು, ಆಮೇಲೆ ಮಾತು." ಆಮೇಲೆ ನಾಲ್ಕು ಸ್ಪೀಕರುಗಳು ಒಟ್ಟಿಗೆ ನಿಟ್ಟುಸಿರು ಬಿಟ್ಟವು.

ಕನ್ನಡಿಯಲ್ಲಿ ನೋಡಿದೆ. ನೋಡಬಾರದಿತ್ತು. ಮೇಡಂ ಹೆಂಡತಿಯ ಕಡೆ ತಿರುಗಿ, ನಾನು ಇವರಿಗೆ ಯಾವತ್ತು ಆಗಲ್ಲ ಅಂದೆ ಎಂದು ಕೇಳುತ್ತಿದ್ದರು. ಹೆಂಡತಿ ನನ್ನ ತಲೆಯ ಹಿಂಭಾಗವನ್ನು ನೋಡುತ್ತಿದ್ದಳು.

"ಆ ನಿಟ್ಟುಸಿರಿಗೆ ಪಾಪ ಅಂತ ನಾನು ಮೂರು ವರ್ಷ ಪಾತ್ರೆ ತೊಳೆದಿದ್ದೀನಿ," ಎಂದಳು ಮೆಲ್ಲಗೆ. ಅವಳು ಕೂಗಿದ್ದರೆ ಚೆನ್ನಾಗಿತ್ತು. ನನಗೆ ಕಾರಿನ ಬಾಗಿಲು ತೆಗೆದು ಸೇತುವೆಯಿಂದ ನೇರ ಇಳಿದು ಹೋಗಿಬಿಡೋಣ ಅನ್ನಿಸಿತು.

ಸ್ಟೀರಿಯೊಗೆ ಇದಾವುದೂ ಗೊತ್ತಿಲ್ಲ. ನಾಲ್ಕನೆಯದನ್ನು ಹಾಕಿತು. ಅದು ಬಹಳ ಚಿಕ್ಕದು.

"ಮೇಡಂ, ನನ್ನ ಮಗಳು ಎದ್ದಿರೋವಾಗ ನಾನು ಮನೇಲಿರಬೇಕು. ಅಷ್ಟೇ." ಆಮೇಲೆ, "ಇದು ಬೇಡ. ಇಷ್ಟು ಸಣ್ಣ ಕಾರಣಕ್ಕೆ ಯಾರು ಕೊಡ್ತಾರೆ?"

ಹಿಂದಿನ ಸೀಟಿನಲ್ಲಿ ಮೇಡಂ ಕನ್ನಡಕ ತೆಗೆದು ಒರೆಸಿದರು. "ಆ ಶಾಖೇಲಿ ಜಾಗ ಖಾಲಿಯಾಗಿ ಎರಡೂವರೆ ವರ್ಷ ಆಯ್ತು. ಯಾರಾದರೂ ಕೇಳ್ತಾರೇನೋ ಅಂತ ನಾನೇ ಕಾಯ್ತಾ ಇದ್ದೆ. ಇವತ್ತೇ ಅರ್ಜಿ ಕೊಡಿ. ಬರೆದು ಕೊಡಿ, ರೆಕಾರ್ಡ್ ಮಾಡಬೇಡಿ."

ಹೆಂಡತಿ ಅವರ ಕೈ ಹಿಡಿದುಕೊಂಡಳು. "ಮೇಡಂ, ಮೂರು ವರ್ಷ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ತಪ್ಪಾಯ್ತು."

"ಪರವಾಗಿಲ್ಲಮ್ಮ. ಇನ್ನು ಮುಂದೆ ಸರಿಯಾದ ವಿಳಾಸಕ್ಕೆ ಕಳಿಸಿ."

ಅಷ್ಟರಲ್ಲಿ ಸ್ಟೀರಿಯೊ ನನ್ನ ಹಳೆಯ ಅರ್ಜಿಗಳನ್ನೆಲ್ಲ ಒಟ್ಟಿಗೆ ಮಂಜೂರು ಮಾಡಿ ತಣ್ಣಗೆ ನಿಂತುಹೋಯಿತು. ಉಳಿದ ದಾರಿಯುದ್ದಕ್ಕೂ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿದರು, ನಡುನಡುವೆ ನಕ್ಕರು. ವಿಷಯ ಯಾವುದೆಂದು ನೀವೇ ಊಹಿಸಿಕೊಳ್ಳಬಹುದು. ಶಾಲೆಯ ಗೇಟಿನಲ್ಲಿ ಇಳಿಯುವಾಗ ಹೆಂಡತಿ ಮೇಡಂಗೆ ಹೋಗಿಬರ್ತೀನಿ ಅಂದಳು. ನನಗೆ ಏನೂ ಅನ್ನಲಿಲ್ಲ.

ಸಂಜೆ ವರ್ಗದ ಕಾಗದ ಜೇಬಿನಲ್ಲಿಟ್ಟುಕೊಂಡು ಬೇಗ ಮನೆಗೆ ಬಂದೆ. ಮಗಳು ಎಚ್ಚರವಾಗಿದ್ದಳು, ಇವತ್ತು ಭಾನುವಾರವಾ ಎಂದು ಕೇಳಿದಳು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಪಾತ್ರೆಗಳು ತೊಟ್ಟಿ ತುಂಬ ರಾಶಿ ಬಿದ್ದಿದ್ದವು. ಅವಳು ಅವುಗಳ ಕಡೆ ನೋಡಲೂ ಇಲ್ಲ, ನನ್ನ ಕಡೆಯೂ ನೋಡಲಿಲ್ಲ. ಕ್ಷಮೆ ಕೇಳಬೇಕಿತ್ತು. ನಾಲಿಗೆ ಒಣಗಿತು. ಸದ್ದಿಲ್ಲದೆ, ದೀಪ ಕೂಡ ಹೊತ್ತಿಸದೆ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ನಲ್ಲಿ ಬಿಟ್ಟು, ಫೋನು ಬಾಯಿಯ ಹತ್ತಿರ ಹಿಡಿದು ಒಂದು ಸಲ ಹೇಳಿ ನೋಡಿದೆ. ಸರಿಹೋಗಲಿಲ್ಲ. ಇನ್ನೊಂದು ಸಲ ಹೇಳಿದೆ. ಎಷ್ಟೋ ಪಾಲು ಮೇಲು ಅನ್ನಿಸಿತು.

ಥಟ್ಟನೆ ಬಚ್ಚಲಿನ ದೀಪ ಹತ್ತಿತು. ಯಾರೋ ಕರೆಗಂಟೆ ಒತ್ತಿದ್ದರು. ಹೊರಗಿನಿಂದ ಹೆಂಡತಿಯ ದನಿ ಕೇಳಿಸಿತು.

"ಒತ್ತಿದ್ದು ನಾನೇ ರೀ. ಎರಡನೇದು ಚೆನ್ನಾಗಿದೆ, ಅದನ್ನೇ ಹೇಳಿ. ಆದರೆ ಮೊದಲನೇದರಲ್ಲಿ 'ನನ್ನಂಥ ದಡ್ಡ ಯಾರೂ ಇಲ್ಲ' ಅಂತ ಒಂದು ಮಾತಿತ್ತಲ್ಲ, ಅದನ್ನ ಮಾತ್ರ ಬಿಡಬೇಡಿ. ಮತ್ತೆ, ಬರುವಾಗ ತೋಳು ಮಡಚ್ಕೊಂಡೇ ಬನ್ನಿ. ಪಾತ್ರೆ ಕಾಯ್ತಿವೆ."