ಬುಸುಗುಟ್ಟಿದ ಕಡಲಬಂಡೆ

ಪಾಠವನ್ನು ಮಕ್ಕಳು ಮರೆತರೂ ಅವರ ಮನೆಯವರು ಮರೆಯುವುದಿಲ್ಲ. ಮಂಡ್ಯದ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ನನಗೆ ಅದರಿಂದ ಆಗಾಗ ಒಂದಲ್ಲ ಒಂದು ಪೇಚು ಬರುತ್ತಲೇ ಇತ್ತು. ಯುದ್ಧದ ಕಾಲದ ಈ ಪೇಚಿನಷ್ಟು ಮಾತ್ರ ಬೇರೆ ಯಾವುದೂ ನನ್ನನ್ನು ಹೆದರಿಸಲಿಲ್ಲ.

೧. ಪಾಠ

ಲೋಕದಲ್ಲಿ ಎಷ್ಟೋ ಕಡೆ ಕಡಲಂಚಿನ ಬಂಡೆಗಳಲ್ಲಿ ತೂತುಗಳಿವೆ, ಅಲೆ ಅಡಿಯ ಗವಿಗೆ ನುಗ್ಗಿದಾಗ ಒಳಗಿನ ಗಾಳಿ ಒತ್ತಿ, ನೀರು ತೆಂಗಿನಮರದೆತ್ತರ ಚಿಮ್ಮುತ್ತದೆ ಎಂದು ಒಂದು ದಿನ ಹೇಳಿದೆ. ಮೆಕ್ಸಿಕೊ, ಆಸ್ಟ್ರೇಲಿಯ ಎಂದು ನಕಾಶೆಗೆ ಕೋಲು ಮುಟ್ಟಿಸಿ ತೋರಿಸಿದೆ. ಮರುದಿನವೇ ನನ್ನ ತರಗತಿಯ ಹುಡುಗನೊಬ್ಬನ ಅಪ್ಪ, ಯಲಿಯೂರಿನ ಗೌಡರು, ಶಾಲೆಗೆ ಬಂದರು.

"ಮೇಷ್ಟ್ರೇ, ನಮ್ಮ ಐದ ಬಾವಿ ತಾವ್ಕೇ ಓಗಕಿಲ್ಲ ಅಂತಾನೆ. ನೆಲದಡೀಲಿಂದ ನೀರು ಉಗೀತದೆ ಅಂದ್ರಂತಲ್ಲ?"

"ಅದು ಸಮುದ್ರದ ದಡದಲ್ಲಿ ಗೌಡ್ರೇ."

"ಅಂಗಾದ್ರೆ ಸಮುದ್ರ ಬಲ್ಲೋರು ನೀವು. ನಾವು ಉಡುಪಿಗೆ ಒಂಟಿದ್ದೀವಿ. ನಿಮ್ಗೂ ರಜ ಅಲ್ವಾ, ಜೊತೆಗೆ ಬನ್ನಿ."

ಅಲ್ಲಿಯವರೆಗೆ ನಾನು ನೋಡಿದ್ದ ಅತಿ ದೊಡ್ಡ ನೀರೆಂದರೆ ಮುತ್ತತ್ತಿಯ ಹೊಳೆ.

೨. ಬಂಡೆ

ಗೌಡರ ತಮ್ಮ ಬರ್ಮಾ ಕಡೆ ಯುದ್ಧಕ್ಕೆ ಹೋಗಿದ್ದ. ತಿಂಗಳುಗಳಿಂದ ಸುದ್ದಿಯಿಲ್ಲ. ಅವನನ್ನು ಸಾಕಿದವಳು ಅತ್ತಿಗೆ, ಅಂದರೆ ಗೌಡತಿ. ಯಾತ್ರೆ ಅವಳ ಹರಕೆ.

ಉಡುಪಿ ಮುಗಿಸಿ ಕಡಲು ನೋಡಲು ಹೋದೆವು. ಕಪ್ಪು ಬಂಡೆ ಹತ್ತಿದರೆ ನಡುವೆ ಮಡಕೆಬಾಯಿಯಂಥ ತೂತು. ಒಳಗಿಂದ ಬುಸ್ಸೆಂಬ ಸದ್ದು.

"ಒಳಗೆ ನಾಗಪ್ಪ ಅವ್ನೆ," ಎಂದಳು ಗೌಡತಿ, ಪಿಸುದನಿಯಲ್ಲಿ.

"ಬರೀ ಗಾಳಿ ಕಣಮ್ಮ," ಎಂದೆ. ಎನ್ನುತ್ತಲೇ ನನ್ನ ಕಾಲುಗಳು ತಾವಾಗಿ ಹಿಂದೆ ಸರಿದವು.

ಗೌಡರು ತೂತಿನ ಬಾಯಿಗೆ ಹೂವಿಟ್ಟು, ಮೇಲೊಂದು ತೆಂಗಿನಕಾಯಿ ಇಟ್ಟರು. "ಗಂಗಮ್ಮ, ನಮ್ಮ ಉಡುಗುನ್ನ ಮನೆ ಸೇರ್ಸವ್ವ."

ಬಂಡೆಯೊಳಗೆ ಗುಡುಗಿದಂತಾಯಿತು. ಕಾಲಡಿ ನಡುಗಿತು. ನೀರು ಆಳೆತ್ತರ ಎದ್ದು, ಕಾಯಿ ಗೌಡರ ಹೆಗಲು ಸವರಿಕೊಂಡು ಬಂದು ನನ್ನ ಪಾದದ ಬಳಿ ಬಿತ್ತು. ಗೌಡತಿ ನನ್ನತ್ತ ತಿರುಗಿದಳು.

"ಗಂಗಮ್ಮ ಇಸ್ಕಳ್ನಿಲ್ಲ. ಉಡುಗ ಇಲ್ಲ ಅಂತಾನೇ ಅಲ್ವಾ?"

"ಗಾಳಿ ಒತ್ತಡ ಕಣಮ್ಮ."

ಬಂಡೆಯ ಸಂದಿಗೆ ಅಂಟಿಕೊಂಡಿದ್ದ ಹೂವನ್ನು ತೋರಿಸಿ ಅವಳು ಕೇಳಿದಳು: "ಗಾಳಿಯಾದ್ರೆ ಊವ ಇಟ್ಕಂಡು ಕಾಯಿ ಮಾತ್ರ ಯಾಕೆ ಎಸೀತು?"

ನನ್ನ ಭೂಗೋಳ ಅಲ್ಲಿಗೆ ಮುಗಿಯಿತು.

೩. ಮನೆ

ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಏದುಸಿರು ಬಿಡುತ್ತ ಘಟ್ಟ ಹತ್ತಿತು. ಗೌಡತಿ ಅನ್ನ ಮುಟ್ಟಲಿಲ್ಲ, ಗೌಡರು ಮಾತಾಡಲಿಲ್ಲ. ಮೈಸೂರು ಮುಟ್ಟುವ ಹೊತ್ತಿಗೆ ನನಗೂ ಗಾಳಿಯ ಮೇಲೆ ನಂಬಿಕೆ ಹೋಗಿತ್ತು.

ಯಲಿಯೂರಲ್ಲಿ ರೈಲಿಳಿದು ಬೀದಿ ತಿರುಗಿದರೆ ಅವರ ಮನೆ ಮುಂದೆ ಊರೇ ನೆರೆದಿತ್ತು. ಗೌಡತಿ ಇದ್ದಲ್ಲೇ ಕುಸಿದಳು. ಗೌಡರು ಕಂಬದಂತೆ ನಿಂತುಬಿಟ್ಟರು. ಗತ್ಯಂತರವಿಲ್ಲದೆ ನಾನೇ ಜನರ ನಡುವೆ ನುಗ್ಗಿದೆ.

ಜಗಲಿಯ ಮೇಲೆ ತಮ್ಮ ಕೂತು ಮುದ್ದೆ ಮುರಿಯುತ್ತಿದ್ದ. ಬಡಕಲಾಗಿದ್ದ, ಅಷ್ಟೇ. ಜನ ಸೇರಿದ್ದು ಯುದ್ಧದ ಕತೆ ಕೇಳಲು.

ಗೌಡತಿ ಅವನ ತಲೆ ಸವರಿ ಅತ್ತಳು, ಕಾಯಿಯ ಕತೆ ಹೇಳಿದಳು. ತಪ್ಪುಕಾಣಿಕೆ ಕೊಡಲು ಮತ್ತೆ ಹೋಗಬೇಕು ಎಂದಳು.

"ಯಾವತ್ತು ಇಟ್ರಿ ಅತ್ಗೆ?"

"ಸುಕ್ರವಾರ."

"ನಾನು ಗುರುವಾರನೇ ಬಂದು ಕುಂತಿವ್ನಿ. ಆಗೋಗಿರೋ ಕೆಲ್ಸಕ್ಕೆ ಕಾಯಿ ಯಾಕೆ ಇಸ್ಕಂಡಾಳು? ನಿಯತ್ತಿನ ದ್ಯಾವ್ರು."

ಉಡುಪಿ ಬಿಟ್ಟ ಮೇಲೆ ಗೌಡರು ಮೊದಲ ಸಲ ಬಾಯಿಬಿಟ್ಟರು: "ದಿಟ ಕಣ್ಲಾ. ನಮ್ಮೂರ ಪೂಜಾರಿ ಆಗಿದ್ರೆ ಇಸ್ಕಂಡು, ಇನ್ನೊಂದು ತನ್ನಿ ಅಂತಿದ್ದ."