ನಮ್ಮ ಸೊಸೈಟಿಗೆ ಬ್ರೆಕ್ಸಿಟ್ ಬಂದ ಬಗೆ

ಇಂಗ್ಲೆಂಡಿನ ರಾಜಕೀಯ ನನಗೆ ಗೊತ್ತಿರುವಷ್ಟು ಕುಮಟಾ ತಾಲೂಕಿನಲ್ಲಿ ಮತ್ತೊಬ್ಬರಿಗೆ ಗೊತ್ತಿಲ್ಲ. ಇದು ಜಂಬವಲ್ಲ, ವಸ್ತುಸ್ಥಿತಿ. ಮತ್ತೊಬ್ಬರಿಗೆ ಅದು ಬೇಕಾಗಿಯೂ ಇಲ್ಲ ಎಂಬುದು ಕೂಡ ಅಷ್ಟೇ ವಸ್ತುಸ್ಥಿತಿ. ಆದರೆ ಆ ಮಾತನ್ನು ನನ್ನ ಹೆಂಡತಿ ಸಾವಿತ್ರಿ ಹೇಳುತ್ತಾಳೆ, ನಾನು ಹೇಳುವುದಿಲ್ಲ.

ಹೊನ್ನಾವರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ನಿವೃತ್ತಿಯ ಹೊತ್ತಿಗೆ ಉಳಿದವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ಬ್ರೆಕ್ಸಿಟ್ ಬಂತು! ಬ್ರಿಟನ್ನು ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಅಲ್ಲಿಯವರು ಜುಟ್ಟು ಜುಟ್ಟು ಹಿಡಿದುಕೊಂಡಿದ್ದ ಆ ವರ್ಷಗಳಲ್ಲಿ ನಾನು ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಅವರ ಪಾರ್ಲಿಮೆಂಟು ನೋಡುತ್ತಿದ್ದೆ. ಸಭಾಧ್ಯಕ್ಷರು "ಆರ್ಡರ್! ಆರ್ಡರ್!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಅಡಿಗೆಮನೆಯಿಂದ ಸಾವಿತ್ರಿ ಇಣುಕಿ, "ಪಾಪ, ಆ ಮನ್ಷ ದಿನಾ ಕೂಗುದೇ ಆತು. ಒಬ್ರಾದ್ರೂ ಕೇಳ್ತ್ರಾ? ಥೇಟ್ ನಿಮ್ಮ ಒಂಬತ್ನೇ ಕ್ಲಾಸು" ಎನ್ನುತ್ತಿದ್ದಳು. ಅವಳ ತವರು ಭಟ್ಕಳದ ಮುಟ್ಟಳ್ಳಿ. ಅಲ್ಲಿಯವರ ಬಾಯಿಗೆ ನಾನು ಎಂದೂ ಎದುರು ನಿಂತವನಲ್ಲ.

ಈ ವಿದ್ವತ್ತು ಮನೆಯೊಳಗೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನಾನು ನಮ್ಮೂರ ಸೊಸೈಟಿಯ ನಿರ್ದೇಶಕನೂ ಆಗಿದ್ದೆ. ಸೊಸೈಟಿ ಎಂದರೆ ಕುಮಟೆಯಿಂದ ಬಾಡ ಗ್ರಾಮದ ಕಡೆ ಹೋಗುವಾಗ ಸಿಗುವ ನಮ್ಮ ಊರಿನ ಸಹಕಾರಿ ಸಂಘ. ಗೊಬ್ಬರ, ರೇಷನ್ ಅಕ್ಕಿ ಎಲ್ಲ ಅಲ್ಲೇ. ಅದರಲ್ಲಿ ನಮ್ಮ ಕೇರಿಗೆ ಒಂದು ಸ್ಥಾನ. ಆ ಸ್ಥಾನ ಮೊದಲು ನನ್ನ ಅಜ್ಜನದು, ಆಮೇಲೆ ಅಪ್ಪನದು, ಆಮೇಲೆ ನನ್ನದು. ಚುನಾವಣೆಯ ಗುರುತು ಕೊಡೆ, ಅಂದರೆ ಛತ್ರಿ. ಎದುರಾಳಿ ಯಾರೂ ಇಲ್ಲ, ಪ್ರತಿ ಸಲವೂ ಅವಿರೋಧ ಆಯ್ಕೆ.

ಇದಕ್ಕೆ ನನ್ನ ಯೋಗ್ಯತೆಯೇ ಕಾರಣ ಎಂದು ನಾನು ತಿಳಿದಿದ್ದೆ. ನಿಜವಾದ ಕಾರಣ ಜಟಗ. ಜಟಗ ಎಂದರೆ ಊರ ಗಡಿಯಲ್ಲಿ ಆಲದ ಬುಡದಲ್ಲಿ ಕೂತು ನಮ್ಮನ್ನೆಲ್ಲ ಕಾಯುವ ದೇವರು. ಅಜ್ಜನ ಕಾಲದಲ್ಲಿ ಈ ಸ್ಥಾನಕ್ಕಾಗಿ ಹೊಡೆದಾಟವಾಗಿ, ಕೊನೆಗೆ ಕೇರಿಯ ಪ್ರತಿ ಮನೆಯವರೂ ಜಟಗನ ಮುಂದೆ ಕಾಯಿ ಇಟ್ಟು, "ನಮ್ಮ ಮತ ಎಂದೆಂದಿಗೂ ಕೊಡೆಗೇ" ಎಂದು ಮಾತು ಕೊಟ್ಟಿದ್ದರಂತೆ. ದೇವರಿಗೆ ಕೊಟ್ಟ ಮಾತು! ತಪ್ಪಿದರೆ ದನ ಹಾಲು ಕೊಡುವುದಿಲ್ಲ, ಬಲೆಗೆ ಮೀನು ಬೀಳುವುದಿಲ್ಲ ಎಂಬ ಭಯ. ಆ ಭಯದ ನೆರಳಿನಲ್ಲಿ ನಾನು ತಣ್ಣಗೆ ಕೂತಿದ್ದೆ. ಯಾರಾದರೂ ಬಂದು, "ಮಾಸ್ತರ್ರೆ, ರೇಷನ್ ಅಂಗಡಿ ಬಾಗ್ಲು ಮಧ್ಯಾಹ್ನದವರೆಗೆ ತೆಗೂದೇ ಇಲ್ಲ, ಸ್ವಲ್ಪ ಹೇಳಿ" ಎಂದರೆ "ನೋಡುವಾ" ಎನ್ನುತ್ತಿದ್ದೆ. ಅವರು ಚಾ ಕುಡಿದು ಹೋಗುತ್ತಿದ್ದರು. ನಾನು ಮತ್ತೆ ಲಂಡನ್ನಿಗೆ ಹೋಗುತ್ತಿದ್ದೆ.

ಕಳೆದ ವಾರ್ಷಿಕ ಮಹಾಸಭೆಯಲ್ಲಿ ನನಗೆ ನಾಲ್ಕು ಮಾತಾಡಲು ಹೇಳಿದರು. ಚುನಾವಣೆ ಹತ್ತಿರವಿತ್ತು. ನಮ್ಮ ಮತದಾರರ ನಿಷ್ಠೆಯನ್ನು ಹೊಗಳಿ, ಕೃತಜ್ಞತೆ ಸಲ್ಲಿಸಿ ಕೂರುವುದು ನನ್ನ ಯೋಜನೆ. ಆದರೆ ಹೊಗಳಬೇಕಾದರೆ ಹೋಲಿಕೆಗೆ ಯಾರಾದರೂ ಬೇಕಲ್ಲ? ಬ್ರಿಟನ್ನಿನ ಮತದಾರರನ್ನು ತಂದೆ! "ನಿಷ್ಠೆ: ಒಂದು ಜಾಗತಿಕ ಅವಲೋಕನ" ಎಂದು ವಿಷಯ ಘೋಷಿಸಿದಾಗ ಸಭೆಯ ಅರ್ಧ ಭಾಗ ಅವಲಕ್ಕಿ ಕೊಡುವ ಕಡೆಗೆ ನೋಡಿತು.

ಎದುರು ಬೆಂಚಿನಲ್ಲಿ ಹಿರಿಯ ಮೀನುಗಾರ ತಿಮ್ಮಣ್ಣ ನಿದ್ದೆ ಹೊಡೆಯುತ್ತಿದ್ದ. "ಬ್ರಿಟನ್ನಿನ ಸಮುದ್ರಕ್ಕೆ ಪಕ್ಕದ ದೇಶಗಳ ಬೋಟುಗಳು ಬಂದು ಮೀನು ಹಿಡಿಯುತ್ತಿದ್ದವು, ಅಲ್ಲಿಯ ಮೀನುಗಾರರಿಗೆ ಅದೇ ಸಿಟ್ಟು" ಎಂದು ನಾನು ಹೇಳಿದ್ದೇ ತಡ, ತಿಮ್ಮಣ್ಣ ಎದ್ದು ಕೂತ.

"ಹೊರಗಿನ ಬೋಟಾ? ಅವ್ರ ನೀರಿಗಾ?"

"ಹೌದು. ಒಕ್ಕೂಟದ ನಿಯಮ."

"ಥೂ! ಹಂಗಾರೆ ಎಂತಕ್ಕೆ ಕೂತ್ಕಣುದು ಅಲ್ಲಿ? ಬಿಟ್ಟೇ ಬರ್ಲಿ ಅವ್ರು!"

ಚಪ್ಪಾಳೆ ಬಿತ್ತು. ಒಂದೇ ನಿಮಿಷದಲ್ಲಿ ನಮ್ಮ ಸೊಸೈಟಿಯ ಮಹಾಸಭೆ ಸರ್ವಾನುಮತದಿಂದ ಯುರೋಪನ್ನು ಬಿಟ್ಟಿತು. ಅವಲಕ್ಕಿಯ ಕಡೆ ಯಾರೂ ನೋಡಲಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಇಂಥ ಕ್ಲಾಸು ಎಂದಾದರೂ ಸಿಕ್ಕಿತ್ತೇ? ನಾನು ಉಬ್ಬಿಹೋದೆ.

ಉಬ್ಬಿದವನು ಉತ್ತರ ಇಂಗ್ಲೆಂಡಿಗೆ ನುಗ್ಗಿದೆ. ಅಲ್ಲಿಯ ಕಲ್ಲಿದ್ದಲು ಗಣಿಗಳ ಊರುಗಳು, ಅಜ್ಜ ಮುತ್ತಜ್ಜಂದಿರ ಕಾಲದಿಂದ ಕಾರ್ಮಿಕರ ಕೆಂಪು ಪಕ್ಷಕ್ಕೇ ಮತ ಹಾಕುತ್ತಿದ್ದ ಮನೆತನಗಳು, ಶ್ರೀಮಂತರ ನೀಲಿ ಪಕ್ಷದ ಹೆಸರು ಕೇಳಿದರೆ ಉಗುಳುತ್ತಿದ್ದ ಜನ, ಇವರನ್ನೆಲ್ಲ ವರ್ಣಿಸಿದೆ. ಬ್ರೆಕ್ಸಿಟ್ ಗಲಾಟೆಯಲ್ಲಿ ಅವರೇ ಕೆಂಪನ್ನು ಬಿಟ್ಟು ನೀಲಿಗೆ ಹಾಕಿಬಿಟ್ಟರು ಎಂದೆ. "ನೋಡಿ, ನಿಷ್ಠೆ ಹೇಗೆ ಕುಸಿಯಿತು!" ಎಂದು ಕೈ ಮೇಲೆತ್ತಿದೆ.

ಹಿಂದಿನ ಸಾಲಿನಲ್ಲಿ ಗಣಪು ಎದ್ದು ನಿಂತ. ಗಣಪು ನನ್ನ ಹಳೆಯ ವಿದ್ಯಾರ್ಥಿ, ಈಗ ಕುಮಟಾ ಬಸ್‌ಸ್ಟ್ಯಾಂಡಿಗೆ ರಿಕ್ಷಾ ಹೊಡೆಯುತ್ತಾನೆ. ಕ್ಲಾಸಿನಲ್ಲಿ ಒಂದು ದಿನವೂ ಪ್ರಶ್ನೆ ಕೇಳಿದವನಲ್ಲ.

"ಮಾಸ್ತರ್ರೆ, ಅಜ್ಜನ ಕಾಲದ ಪಕ್ಷ ಬಿಟ್ರಲ, ಅವ್ರಿಗೆ ಎಂತೂ ಆಗ್ಲಿಲ್ವಾ?"

"ಏನಾಗುತ್ತದೆ? ಪ್ರಜಾಪ್ರಭುತ್ವ!"

"ಅಲ್ಲ, ದೇವ್ರು ಮುನ್ಸ್ಕಂಡು ದನಕ್ಕೆ ಗಿನಕ್ಕೆ..."

"ಛೆ ಛೆ! ಮತಕ್ಕೂ ದನಕ್ಕೂ ಏನಯ್ಯಾ ಸಂಬಂಧ? ಮತ ಯಾರ ಅಜ್ಜನ ಆಸ್ತಿಯೂ ಅಲ್ಲ!"

"ಹೌದಾ! ಮತ್ತೆ ಎಂತಕ್ಕೆ ಬಿಟ್ರು ಅವ್ರು?"

"ಎಷ್ಟು ವರ್ಷ ಏನು ಕೇಳಿದರೂ ಪಕ್ಷದವರು 'ನೋಡುವಾ' ಎನ್ನುತ್ತಿದ್ದರು. ಹೇಗೂ ನಮಗೇ ಹಾಕುತ್ತಾರೆ ಎಂದು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು."

ಸಭೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಭಾಷಣ ಮನಸ್ಸಿಗೆ ನಾಟಿತು ಎಂದುಕೊಂಡೆ. ನಾಟಿತ್ತು ಕೂಡ!

ನಾಮಪತ್ರದ ಕೊನೆಯ ದಿನ ಗಣಪು ಮನೆಗೆ ಬಂದು ನನ್ನ ಕಾಲು ಮುಟ್ಟಿದ. "ಮಾಸ್ತರ್ರೆ, ನಾ ಈ ಸಲ ನಿಂತ್ಕಂಡಿದ್ದೆ. ಫ್ಯಾನಿನ ಗುರ್ತು. ನೀವೇ ಆಶೀರ್ವಾದ ಮಾಡಬೇಕು." ಶಿಷ್ಯ ಕಾಲು ಮುಟ್ಟಿದರೆ ಗುರು ಏನು ಮಾಡಬೇಕು? ಬಾಯಿ ತನ್ನಷ್ಟಕ್ಕೆ "ಯಶಸ್ವಿಯಾಗು" ಎಂದುಬಿಟ್ಟಿತು.

ಸಾವಿತ್ರಿ ತಲೆ ಚಚ್ಚಿಕೊಂಡಳು. "ಎದ್ರು ನಿಂತವ್ನಿಗೆ ಗೆದ್ದು ಬಾ ಅಂದ್ರಾ? ನಿಮ್ಗೆ ಎಂತ ಮರುಳಾ?"

ಆಗ ನನಗೆ ಸಣ್ಣಗೆ ಹೆದರಿಕೆ ಶುರುವಾಯಿತು. ಅಜ್ಜನಿಂದ ಬಂದ ಸ್ಥಾನ ನನ್ನ ಕೈಯಲ್ಲಿ ಹೋದರೆ ಮುಖ ಎಲ್ಲಿ ಇಟ್ಟುಕೊಳ್ಳಲಿ? ಬ್ರಿಟನ್ನಿನ ಅಭ್ಯರ್ಥಿಗಳಂತೆ ನಾನೂ ಮನೆ ಮನೆ ಬಾಗಿಲು ತಟ್ಟಿ ಮತದಾರರ ಒಲವು ಅರಿಯುವುದು ಎಂದು ತೀರ್ಮಾನಿಸಿದೆ. ಆದರೆ ಅಲ್ಲಿಯವರು ಬಾಗಿಲಲ್ಲೇ ನಿಂತು "ಹಾಕುವುದಿಲ್ಲ, ಹೋಗು" ಎಂದು ಹೇಳುತ್ತಾರೆ. ನಮ್ಮ ಕಡೆ ಮನೆಗೆ ಬಂದವರಿಗೆ ಇಲ್ಲ ಎನ್ನುವ ಪದ್ಧತಿಯೇ ಇಲ್ಲ. "ಬನ್ನಿ ಬನ್ನಿ, ಕೂತ್ಕಣಿ. ನಿಮ್ಗಲ್ದೇ ಮತ್ತ್ಯಾರಿಗೆ ಹಾಕುದು? ಒಂದು ಚಾ ಕುಡ್ಕಂಡು ಹೋಗಿ." ಎಲ್ಲ ಮನೆಯಲ್ಲೂ ಇದೇ ಮಾತು, ಇದೇ ಚಾ. ಹೊಟ್ಟೆಯೊಳಗೆ ಚಹಾ ಕುಲುಕುತ್ತಿತ್ತು. ಇದೇ ಮನೆಗಳಲ್ಲಿ ಗಣಪುವೂ ಚಾ ಕುಡಿದು ಹೋಗಿದ್ದ ಎಂಬುದು ನನಗೆ ಹೊಳೆಯಲಿಲ್ಲ. ನಾನೂ ಇದೇ ಊರಿನಲ್ಲಿ ಹುಟ್ಟಿ, ಅವನಿಗೂ ನಮ್ಮ ಮನೆಯಲ್ಲಿ ಚಾ ಕೊಟ್ಟು ಕಳಿಸಿದ್ದೆ!

ಚುನಾವಣೆಯ ಹಿಂದಿನ ದಿನ ಜಟಗನಿಗೆ ಕೈಮುಗಿಯಲು ಹೋದೆ. ನೋಡುತ್ತೇನೆ, ದೇವರ ಮುಂದೆ ಕಾಯಿಗಳ ರಾಶಿ! ಹಬ್ಬವಿಲ್ಲ, ಹರಕೆಯ ಕಾಲವಲ್ಲ, ಕೇರಿಗೆ ಕೇರಿಯೇ ಬಂದು ಕಾಯಿ ಇಟ್ಟಿದೆ. ನನ್ನ ಕಣ್ಣು ತುಂಬಿ ಬಂತು. ಅಜ್ಜನ ಕಾಲದ ಮಾತನ್ನು ಜನ ಹೊಸದಾಗಿ ಕೊಟ್ಟಿದ್ದಾರೆ! ಬ್ರಿಟನ್ನೆಲ್ಲಿ, ನಮ್ಮ ಕೇರಿಯೆಲ್ಲಿ! ಅಲ್ಲಿಂದಲೇ ಮುಟ್ಟಳ್ಳಿಯ ಭಾವನಿಗೆ ಫೋನು ಮಾಡಿ, ನಾಳೆ ಸಂಜೆಗೆ ಭಟ್ಕಳ ಮಲ್ಲಿಗೆಯ ಒಂದು ದಪ್ಪ ಮಾಲೆ ಕಳಿಸಿಕೊಡಲು ಹೇಳಿದೆ. ನನ್ನ ಕೊರಳಿಗೆ ನಾನೇ ಮಾಲೆ ತರಿಸಿದೆ ಎಂದು ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕೆ "ಊರವರು ಹೇಳಿದ್ದಾರೆ" ಎಂದೆ.

ಮನೆಗೆ ಬಂದು ಸಾವಿತ್ರಿಗೆ ಕಾಯಿಯ ರಾಶಿಯ ಸುದ್ದಿ ಹೇಳಿದೆ. ಅವಳು ಬಂಗಡೆ ಮೀನು ಕೊಯ್ಯುತ್ತಿದ್ದವಳು ತಲೆ ಎತ್ತದೆ, "ಕಂಡೆ" ಎಂದಳು. ಮತ್ತೊಂದು ಬಂಗಡೆ ಕೈಗೆತ್ತಿಕೊಂಡಳು. ಅವಳಿಗೂ ಹೆಮ್ಮೆಯಾಗಿರಬೇಕು ಎಂದುಕೊಂಡೆ.

ಮತ ಎಣಿಕೆ ಶಾಲೆಯ ಕೋಣೆಯಲ್ಲಿ. ಫ್ಯಾನು, ಫ್ಯಾನು, ಫ್ಯಾನು ಎಂದು ಚುನಾವಣಾಧಿಕಾರಿ ಓದುತ್ತಲೇ ಹೋದರು. ನಡುವೆ ಎಲ್ಲೋ ಒಂದು ಕೊಡೆ ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ಫ್ಯಾನು. ಎಣಿಕೆ ಮುಗಿಯುವ ಮೊದಲೇ ನನಗೆ ವಿಷಯ ತಿಳಿಯಿತು. ಪಕ್ಕದಲ್ಲಿ ಕೂತಿದ್ದ ತಿಮ್ಮಣ್ಣನ ಕಡೆ ತಿರುಗಿದೆ.

"ಅಲ್ಲ ತಿಮ್ಮಣ್ಣ, ಜಟಗನಿಗೆ ಕಾಯಿ ಇಟ್ಟಿದ್ದಿರಲ್ಲ?"

"ಇಟ್ಟಿದ್ವಲ" ಎಂದ ತಿಮ್ಮಣ್ಣ ಶಾಂತವಾಗಿ. "ತಪ್ಪು ಕಾಣಿಕೆ. ಅಜ್ಜಂದಿರು ಮಾತು ಕೊಟ್ಟಿದ್ರು, ಅದ್ರಿಂದ ನಮ್ಮನ್ನ ಬಿಡುಗಡೆ ಮಾಡು ಅಂತ ಬೇಡ್ಕಂಡು ಇಟ್ವಿ. ಹಂಗೇ ಬಿಟ್ಟು ಹೋಗುಕಾಗ್ತದ್ಯಾ? ಇಂಗ್ಲೆಂಡಿನವ್ರೂ ಒಪ್ಪಂದ ಮಾಡ್ಕಂಡೇ ಬಿಟ್ರು ಅಂತ ನೀವೇ ಹೇಳಿದ್ರಲ."

ಹೇಳಿದ್ದೆ. ಅವಲಕ್ಕಿ ತಿನ್ನುವಾಗ ಅವನು ಕೇಳಿದ್ದ, ನಾನು ವಿವರವಾಗಿ ಹೇಳಿದ್ದೆ.

ಅಷ್ಟರಲ್ಲಿ ಭಾವ ಕಳಿಸಿದ ಮಾಲೆ ಬಂತು. ಘಮಘಮ! ಎಲ್ಲರೂ ನನ್ನ ಕೈಯನ್ನೇ ನೋಡಿದರು. ಇನ್ನೇನು ಮಾಡಲಿ? ಗಣಪುವಿನ ಕೊರಳಿಗೆ ಹಾಕಿದೆ. "ನೋಡಿ, ಮಾಸ್ತರ್ರ ಮನ್ಸು ಎಷ್ಟು ದೊಡ್ಡದು! ಶಿಷ್ಯನಿಗೆ ಅಂತ ಮೊದ್ಲೇ ಮಾಲೆ ತರಿಸಿದ್ರು" ಎಂದು ಜನ ಉದ್ಗರಿಸಿದರು. ಆ ದಿನ ನನಗೆ ಸಿಕ್ಕ ಏಕೈಕ ಮರ್ಯಾದೆ ಅದು. ನಾನು ತಿದ್ದಲು ಹೋಗಲಿಲ್ಲ.

ಗಣಪು ತನ್ನ ರಿಕ್ಷಾದಲ್ಲೇ ನನ್ನನ್ನು ಮನೆಗೆ ಕರೆತಂದ. ಸಾವಿತ್ರಿ ಮೂವರಿಗೂ ಚಾ ತಂದಿಟ್ಟಳು. ನನಗೆ ದುಃಖ ತಡೆಯಲಾಗಲಿಲ್ಲ.

"ನೀನಾದರೂ ನನಗೆ ಹಾಕಿದೆಯೇನೆ?"

"ಹಾಕ್ದೆ ಮಾರಾಯ್ರೆ. ನಾನೂ ಹಾಕ್ದೇ ಇದ್ರೆ ಚಂದ ಕಾಣುದಿಲ್ಲ ಅಂತ."

"ಮತ್ತೆ ಆ ಕಾಯಿ ತಪ್ಪು ಕಾಣಿಕೆಯೆಂದು ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೇ ಎಂತ? ಅರ್ಧ ಕಾಯಿ ನಮ್ಮ ಮರದ್ದೇ. ಬಂದು ಕೇಳಿದ್ರು. ದೇವ್ರಿಗೆ ಅಂದ್ಮೇಲೆ ಇಲ್ಲ ಅನ್ನುಕಾಗ್ತದ್ಯಾ?"

ಗಣಪು ಮಾಲೆ ಸರಿಸಿಕೊಂಡು ಸಂಕೋಚದಿಂದ ಕೇಳಿದ. "ಬೇಜಾರ ಮಾಡ್ಕಣಬೇಡಿ ಮಾಸ್ತರ್ರೆ. ರೇಷನ್ ಅಂಗಡಿ ಬೆಳಿಗ್ಗೆ ತೆಗ್ಸಿದ್ರೆ ನನ್ನ ಕೆಲಸ ಮುಗೀತು. ಅಂದಹಾಗೆ, ಅಲ್ಲಿ ಬಿಟ್ಟು ಹೋದ ಜನ ಮತ್ತೆ ಕೆಂಪು ಪಕ್ಷಕ್ಕೆ ತಿರುಗಿ ಬಂದ್ರಾ?"

ನನ್ನ ಜೀವ ಮರಳಿ ಬಂತು. "ಬಂದರಲ್ಲ! ಮುಂದಿನ ಚುನಾವಣೆಯಲ್ಲೇ ಬಂದರು! ಕೆಂಪು ಪಕ್ಷ ಭರ್ಜರಿಯಾಗಿ ಗೆದ್ದಿತು!" ಎಂದು ಎದ್ದು ನಿಂತೆ. ಐದು ವರ್ಷ ತಾನೇ? ಕಾಯುತ್ತೇನೆ. ಇತಿಹಾಸ ನನ್ನ ಕಡೆಗಿದೆ!

"ಸುಮ್ನೆ ಬಂದ್ರಾ?" ಎಂದಳು ಸಾವಿತ್ರಿ. "ಆ ಪಕ್ಷದವ್ರು ಎಂತಾದ್ರೂ ಮಾಡಿರಬೇಕಲ್ದಾ?"

ಮಾಸ್ತರನಾದವನು ಪಾಠದಲ್ಲಿ ಸುಳ್ಳು ಹೇಳುವಂತಿಲ್ಲ. ನಿಧಾನವಾಗಿ ಕೂತುಕೊಂಡೆ.

"ನಾಯಕನನ್ನು ಬದಲಾಯಿಸಿದರು."

ಗಣಪು ಚಾ ಲೋಟದೊಳಗೆ ನೋಡತೊಡಗಿದ. ಸಾವಿತ್ರಿ ಸೆರಗಿಗೆ ಕೈ ಒರೆಸಿಕೊಂಡಳು.

"ಆತು. ಹಂಗಾರೆ ಮುಂದಿನ ಸಲ ನಾ ನಿಲ್ತೆ."

"ಅಕ್ಕ, ನೀವು ನಿಂತ್ರೆ ನಾ ನಿಲ್ಲುದೇ ಇಲ್ಲ!" ಎಂದು ಗಣಪು ಹಿಗ್ಗಿ ಹೇಳಿದ. "ಕೇರಿ ಮತ ಎಲ್ಲ ನಿಮ್ಗೇ. ಮನೆ ಮನೆಗೆ ನಾನೇ ರಿಕ್ಷಾದಾಗೆ ಕರ್ಕಂಡು ಹೋಗ್ತೆ."

"ನಾನು?" ಎಂದೆ.

ಇಬ್ಬರೂ ನನ್ನ ಕಡೆ ನೋಡಿದರು, ಬಹಳ ಪ್ರೀತಿಯಿಂದಲೇ.

"ನೀವು ಭಾಷಣ ಮಾಡಬೇಡಿ. ಅಷ್ಟು ಸಾಕು" ಎಂದಳು ಸಾವಿತ್ರಿ.

ಅಜ್ಜನ ಸ್ಥಾನ ಮನೆಗೆ ವಾಪಸು ಬರಬೇಕಾದರೆ ನಾನು ಬಾಯಿ ಮುಚ್ಚಿಕೊಂಡು ಜಗಲಿಯಲ್ಲಿ ಕೂರುವುದೊಂದೇ ಉಪಾಯ ಎಂದು ಅಲ್ಲೇ ತೀರ್ಮಾನವಾಯಿತು. ಸರ್ವಾನುಮತದಿಂದ. ನಾನೂ ಕೈ ಎತ್ತಿದೆ.